ಕಣ್ಣು ಮಿಟುಕಿಸುವ ಮೊದಲೇ ಮುಗಿಯುವ ಬುಗುರಿ

ಕಂಪಲಾಪುರದ ನಮ್ಮ ಮನೆ ಜಗುಲಿಯ ಮುಂದೆ ಮೊನ್ನೆ ಮೊಮ್ಮಗ ಬುಗುರಿ ಆಡಿಸುತ್ತಿದ್ದ. ಚಾಟಿ ಸುತ್ತಿ ಬಿಟ್ಟ ಬುಗುರಿ ಮೊದಲು ನೆಟ್ಟಗೆ ನಿಂತಿತು, ಆಮೇಲೆ ವಾಲಿಕೊಂಡು ತಲೆ ತಿರುಗಿಸತೊಡಗಿತು.

"ತಾತ, ಇದನ್ನ ಎಣಿಸೋದು ಹೇಗೆ? ಎಣಿಸೋ ಮುಂಚೆ ಬಿದ್ದೇ ಹೋಗುತ್ತಲ್ಲ!" ಅಂದ.

ಬ್ಯಾಂಕಿನಲ್ಲಿ ನೋಟು ಎಣಿಸಿ ಎಣಿಸಿ ನಿವೃತ್ತನಾದ ನನಗೂ ಉತ್ತರ ಹೊಳೆಯಲಿಲ್ಲ. ಆದರೆ ಇದಕ್ಕಿಂತ ಬೇಗ ಮುಗಿಯುವ ಬುಗುರಿಯನ್ನು ಎಣಿಸಿದವರಿದ್ದಾರೆ.

ಮಕ್ಕಳೇ, ಪರಮಾಣುವಿನ ನಡುವೆ ಬೀಜದಂತೆ ಇರುವುದು ನ್ಯೂಕ್ಲಿಯಸ್. ಅದರೊಳಗೆ ಪ್ರೋಟಾನ್, ನ್ಯೂಟ್ರಾನ್ ಎಂಬ ಕಣಗಳು. ಹಲವು ನ್ಯೂಕ್ಲಿಯಸ್‌ಗಳು ಪುಟಾಣಿ ಅಯಸ್ಕಾಂತಗಳೂ ಹೌದು. ದೊಡ್ಡ ಅಯಸ್ಕಾಂತದ ನಡುವೆ ಇಟ್ಟರೆ ವಾಲಿದ ಬುಗುರಿಯಂತೆ ತಲೆ ತಿರುಗಿಸುತ್ತವೆ. ಆ ವೇಗಕ್ಕೆ ಸರಿಹೊಂದುವ ರೇಡಿಯೋ ಅಲೆ ತಾಗಿದರೆ ಮಗುಚಿಕೊಳ್ಳುತ್ತವೆ. ಅಜ್ಜಿ-ತಾತಂದಿರು ಮಂಡಿನೋವಿಗೆ ಮಾಡಿಸುವ ಎಂಆರ್‌ಐ ಸ್ಕ್ಯಾನ್ ನಡೆಯುವುದು ಇದರಿಂದಲೇ. ಅಲ್ಲಿ ತಲೆ ತಿರುಗಿಸುವುದು ನಮ್ಮ ಮೈಯ ನೀರಿನಲ್ಲಿರುವ ಹೈಡ್ರೋಜನ್. ಈ ವಿದ್ಯೆಯಲ್ಲಿ ನಮ್ಮ ನಾಡಿನ ಪಾಲೂ ಇದೆ. ಹರಿಯುವ ದ್ರವದಲ್ಲಿ ಈ ಸಂಕೇತ ಹೇಗೆ ಬದಲಾಗುತ್ತದೆ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ 1951ರಲ್ಲೇ ಪ್ರಕಟಿಸಿದ್ದರು.

ಹೈಡ್ರೋಜನ್ ನಮ್ಮ ಮೈಯಲ್ಲಿ ಬೇಕಾದಷ್ಟಿದೆ, ಎಲ್ಲಿಗೂ ಓಡಿಹೋಗುವುದಿಲ್ಲ. ಲೀಥಿಯಂ-11 ಹಾಗಲ್ಲ. ಮೊಬೈಲ್ ಬ್ಯಾಟರಿಯ ಲೀಥಿಯಂನಲ್ಲಿ ಸಾಮಾನ್ಯವಾಗಿ 3 ಪ್ರೋಟಾನ್, 4 ನ್ಯೂಟ್ರಾನ್ ಇರುತ್ತವೆ. ಇದರಲ್ಲಿ ನ್ಯೂಟ್ರಾನ್‌ಗಳೇ 8! ಹೀಗಾಗಿ ಅದು ಬಾಳುವುದಿಲ್ಲ. ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿದರೆ, ಅದರಲ್ಲಿ 9 ಪಾಲು ಮುಗಿಯುವಷ್ಟರಲ್ಲಿ ಅರ್ಧದಷ್ಟು ಇಲ್ಲವಾಗಿರುತ್ತವೆ. ಕಣ್ಣು ಮಿಟುಕಿಸಲು ಅದರ ಹತ್ತು ಪಟ್ಟು ಹೊತ್ತು ಬೇಕು.

1985ರಲ್ಲಿ ಜಪಾನಿನ ಇಸಾವೊ ತನಿಹಾತ ಮತ್ತು ಸಂಗಡಿಗರು ಅಮೆರಿಕದ ಬರ್ಕ್‌ಲಿಯಲ್ಲಿ ಅಳೆದಾಗ, ಇದು ಎಣಿಸಿದ್ದಕ್ಕಿಂತ ಬಹಳ ದೊಡ್ಡದು ಎಂದು ತಿಳಿಯಿತು. ಇಡೀ ನ್ಯೂಕ್ಲಿಯಸ್ಸೇ ಸೊಟ್ಟಗೆ ಉಬ್ಬಿದೆಯೋ, ಇಲ್ಲ ಎರಡು ನ್ಯೂಟ್ರಾನ್ ಮಾತ್ರ ದೂರ ಸುಳಿದಾಡುತ್ತಿವೆಯೋ? ಅದರ ಅಯಸ್ಕಾಂತದ ಬಲ ಅಳೆದರೆ ಸುಳಿವು ಸಿಗುತ್ತದೆ.

ಆ ಅಳತೆ 1987ರಲ್ಲಿ ಪ್ರಕಟವಾಯಿತು. ಜಿನೀವಾ ಬಳಿಯ ಸರ್ನ್ ಸಂಸ್ಥೆಯ ಐಸೋಲ್ಡೆ ಪ್ರಯೋಗಶಾಲೆಯಲ್ಲಿ ಹೊಸದಾಗಿ ಹುಟ್ಟಿದ ಲೀಥಿಯಂ-11 ಕಣಗಳನ್ನು ಲೇಸರ್ ಬೆಳಕಿನಿಂದ ಒಂದೇ ದಿಕ್ಕಿಗೆ ತಿರುಗಿಸಿ, ಅಯಸ್ಕಾಂತದ ನಡುವೆ ಇಟ್ಟ ಘನವಸ್ತುವಿನೊಳಗೆ ತೂರಿಸಿದರು. ಅವು ಸಾಯುವಾಗ ಒಂದೊಂದೂ ಒಂದು ಎಲೆಕ್ಟ್ರಾನ್ ಚಿಮ್ಮುತ್ತದೆ. ಎಲ್ಲವೂ ಒಂದೇ ಕಡೆ ಮುಖ ಮಾಡಿದ್ದರೆ ಎಲೆಕ್ಟ್ರಾನ್‌ಗಳು ಒಂದು ಪಕ್ಕಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ. ರೇಡಿಯೋ ಅಲೆಯನ್ನು ಬದಲಿಸುತ್ತಾ ಹೋದಾಗ, ಸರಿಯಾದ ಕಂಪನಕ್ಕೆ ಬಂದೊಡನೆ ಬುಗುರಿಗಳು ಮಗುಚಿ ಆ ವ್ಯತ್ಯಾಸ ಕುಗ್ಗುತ್ತದೆ. ಆ ಕಂಪನವೇ ಅಯಸ್ಕಾಂತದ ಬಲವನ್ನು ಹೇಳುತ್ತದೆ. ಸಾಯುವ ಪ್ರತಿ ಕಣದ್ದೂ ಲೆಡ್ಜರಿನಲ್ಲಿ ಒಂದು ನಮೂದು, ಅಷ್ಟೆ.

ಬಂದ ಲೆಕ್ಕ ಸುಮಾರು 3.67. ಎರಡು ನ್ಯೂಟ್ರಾನ್ ಕಡಿಮೆ ಇರುವ ಲೀಥಿಯಂ-9ರದ್ದು 3.44. ಹೆಚ್ಚೇನೂ ಬದಲಾಗಿರಲಿಲ್ಲ! ಅಂದರೆ ಒಳಗಿನ ತಿರುಳು ಸೊಟ್ಟಗಾಗಿಲ್ಲ. ಹೊರಗಿನ ಎರಡು ನ್ಯೂಟ್ರಾನ್‌ಗಳು ಎದುರುಬದುರು ಮುಖ ಮಾಡಿ ಒಂದರ ಬಲವನ್ನು ಇನ್ನೊಂದು ಅಳಿಸುತ್ತಾ, ಚಂದ್ರನ ಸುತ್ತಲಿನ ಪರಿವೇಷದಂತೆ ದೂರದಲ್ಲಿ ಹರಡಿಕೊಂಡಿವೆ.

ಮೊಮ್ಮಗನಿಗೆ ಇದನ್ನೇ ಹೇಳಿದೆ: "ಒಂದೇ ಬುಗುರಿಯನ್ನ ಹಿಡಿದು ಎಣಿಸಬೇಡ ಮಗು, ನೂರು ಸಲ ಬಿಟ್ಟು ನೋಡು."

ನೀವೂ ಒಂದು ಬುಗುರಿ ಬಿಟ್ಟು ನೋಡಿ. ಅದರ ಸುತ್ತು ನಿಧಾನವಾದಂತೆ ತಲೆ ತಿರುಗಿಸುವುದು ನಿಧಾನವಾಗುತ್ತದೋ, ಜೋರಾಗುತ್ತದೋ? ಅಜ್ಜಿ-ತಾತನನ್ನೂ ಕೂರಿಸಿಕೊಳ್ಳಿ. ಉತ್ತರವನ್ನು ಬುಗುರಿಯೇ ಹೇಳಲಿ.