ಶಾಲೆಗೆ ಬೀಗ ಹಾಕುವ ಮುನ್ನ



ಬೀದರ್ ನಗರಕ್ಕೆ ಬಂದವರು ಮಹಮೂದ್ ಗವಾನನ ಮದರಸಾ ನೋಡದೆ ಹೋಗುವುದಿಲ್ಲ. ಬಹಮನಿ ಸುಲ್ತಾನರ ಮಂತ್ರಿಯಾಗಿದ್ದ ಗವಾನ್ ಅದನ್ನು 1472ರಲ್ಲಿ ಕಟ್ಟಿಸಿದ. ಮೂರು ಅಂತಸ್ತು, ದೊಡ್ಡ ಗ್ರಂಥಾಲಯ, ಗುರುಗಳಿಗೂ ವಿದ್ಯಾರ್ಥಿಗಳಿಗೂ ವಾಸದ ಕೋಣೆಗಳು ಅಲ್ಲಿದ್ದವು. 1696ರಲ್ಲಿ ಸಿಡಿಮದ್ದು ಸ್ಫೋಟಿಸಿ ಕಟ್ಟಡದ ಒಂದು ಭಾಗ ಕುಸಿಯಿತು. ಪಾಠ ನಡೆಯಬೇಕಾದ ಕಡೆ ಸಿಡಿಮದ್ದು ಏಕಿತ್ತು? ಔರಂಗಜೇಬನ ಸೇನೆ ಬೀದರನ್ನು ಹಿಡಿದ ಮೇಲೆ ಆ ಕಟ್ಟಡ ಸೈನಿಕರ ವಸತಿಗೂ ಮದ್ದಿನ ದಾಸ್ತಾನಿಗೂ ಬಳಕೆಯಾಗಿತ್ತು. ಅಂದರೆ ಗೋಡೆ ಬೀಳುವುದಕ್ಕೆ ಮೊದಲೇ ಶಾಲೆ ಬಿದ್ದುಹೋಗಿತ್ತು.

ನಮ್ಮ ಹಳ್ಳಿ, ತಾಂಡಾಗಳ ಸರ್ಕಾರಿ ಶಾಲೆಗಳ ಕಥೆಯೂ ಹೀಗೆಯೇ. ಬಾಗಿಲಿಗೆ ಬೀಗ ಬೀಳುವುದು ಕೊನೆಯಲ್ಲಿ. ಅದಕ್ಕೆ ಎಷ್ಟೋ ವರ್ಷ ಮೊದಲೇ ಶಿಕ್ಷಕರು ಕಡಿಮೆಯಾಗಿರುತ್ತಾರೆ, ಮಕ್ಕಳು ಬೇರೆ ಕಡೆ ಹೋಗಿರುತ್ತಾರೆ, ಊರು ಆ ಕಡೆ ನೋಡುವುದನ್ನು ಬಿಟ್ಟಿರುತ್ತದೆ. ಆಮೇಲೆ ಒಂದು ದಿನ ಪಂಚಾಯಿತಿಯ ಸಭೆಯಲ್ಲಿ ಪ್ರಶ್ನೆ ಬರುತ್ತದೆ: ‘ಹತ್ತು ಮಕ್ಕಳಿಗಾಗಿ ಶಾಲೆ ಏಕೆ? ಪಕ್ಕದ ಊರಿನ ಶಾಲೆಗೆ ಸೇರಿಸಿಬಿಡೋಣ.’ ಆ ಸಭೆಯಲ್ಲಿ ಕೂರುವವರಲ್ಲಿ ನಮ್ಮ ಧರ್ಮಕೇಂದ್ರಗಳ ಕುಟುಂಬದವರೂ ಇರಬಹುದು. ಆ ಪ್ರಶ್ನೆಗೆ ಉತ್ತರ ಕೊಡುವ ಮೊದಲು ತಿಳಿದಿರಬೇಕಾದ ಕೆಲವು ವಿಷಯಗಳನ್ನು ಇಲ್ಲಿ ವಿವರಿಸುತ್ತೇನೆ.

1. ವಿಲೀನದ ಮಾತು ಹೊಸದಲ್ಲ

2011ರಲ್ಲಿ ರಾಜ್ಯ ಸರ್ಕಾರ ಮಕ್ಕಳ ಸಂಖ್ಯೆ ತೀರಾ ಕಡಿಮೆಯಿರುವ ಮೂರು ಸಾವಿರಕ್ಕೂ ಹೆಚ್ಚು ಶಾಲೆಗಳನ್ನು ಹತ್ತಿರದ ಶಾಲೆಗಳೊಂದಿಗೆ ಸೇರಿಸಲು ಹೊರಟಿತು. ಸಾಹಿತಿಗಳು, ಕನ್ನಡ ಸಂಘಟನೆಗಳು ವಿರೋಧಿಸಿದವು. 2018ರ ಜುಲೈ ತಿಂಗಳ ಬಜೆಟ್‌ನಲ್ಲಿ ಮತ್ತೆ ಅದೇ ವಿಷಯ ಬಂತು. ಒಂದು ಕಿಲೋಮೀಟರ್ ವ್ಯಾಪ್ತಿಯೊಳಗಿನ 28,847 ಶಾಲೆಗಳನ್ನು 8,530 ಶಾಲೆಗಳೊಂದಿಗೆ ಸೇರಿಸುವ ಪ್ರಸ್ತಾಪ ಅದು. ಆಗಲೂ ವಿರೋಧ ಎದ್ದಿತು.

ಎರಡು ಸಲವೂ ಸರ್ಕಾರ ಕೊಟ್ಟ ಕಾರಣ ಒಂದೇ: ಮಕ್ಕಳಿಲ್ಲ, ಖರ್ಚು ಹೆಚ್ಚು. ಎರಡು ಸಲವೂ ವಿರೋಧಿಸಿದವರು ಕೇಳಿದ ಪ್ರಶ್ನೆಯೂ ಒಂದೇ: ಮಕ್ಕಳು ಏಕಿಲ್ಲ?

ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ಹೆಚ್ಚಿನ ತೂಕವಿದೆ. ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಅದು ಗುರುತಿಸಿದ ರಾಜ್ಯದ 39 ‘ಅತ್ಯಂತ ಹಿಂದುಳಿದ’ ತಾಲ್ಲೂಕುಗಳಲ್ಲಿ ಔರಾದ್, ಭಾಲ್ಕಿ ಎರಡೂ ಇದ್ದವು. 2011ರ ಜನಗಣತಿಯಲ್ಲಿ ಬೀದರ್ ಜಿಲ್ಲೆಯ ಸಾಕ್ಷರತೆ ಶೇ. 70.51, ರಾಜ್ಯದ ಸರಾಸರಿ ಶೇ. 75.36. ಹೀಗೆ ಹಿಂದುಳಿದ ಕಡೆ ಒಂದು ಶಾಲೆ ಮುಚ್ಚುವುದನ್ನು ಬೆಂಗಳೂರಿನ ಒಂದು ಬಡಾವಣೆಯಲ್ಲಿ ಶಾಲೆ ಮುಚ್ಚುವುದರ ಜೊತೆ ಒಂದೇ ತಕ್ಕಡಿಯಲ್ಲಿ ತೂಗಲಾಗದು.

2. ಶಾಲೆ ಖಾಲಿಯಾಗುವುದು ಹೇಗೆ?

ಔರಾದ್ ತಾಲ್ಲೂಕಿನ ಒಂದು ತಾಂಡಾದಲ್ಲಿ ಕಿರಿಯ ಪ್ರಾಥಮಿಕ ಶಾಲೆ ಇದೆ ಎಂದಿಟ್ಟುಕೊಳ್ಳಿ. ಐದು ತರಗತಿ, 14 ಮಕ್ಕಳು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರಿರಬೇಕು. ಅವರಲ್ಲಿ ಒಬ್ಬರು ವರ್ಗವಾಗಿ ಹೋದರು, ಆ ಜಾಗ ತುಂಬಲಿಲ್ಲ. ಉಳಿದವರು ಒಬ್ಬರೇ. ಬಿಸಿಯೂಟದ ಲೆಕ್ಕ, ತಾಲ್ಲೂಕಿನ ಸಭೆ, ಚುನಾವಣೆಯ ಕೆಲಸ ಎಲ್ಲವೂ ಅವರ ಮೇಲೆಯೇ. ಅವರು ಸಭೆಗೆ ಹೋದ ದಿನ ಶಾಲೆಗೆ ರಜೆ. ಇದನ್ನು ಕಂಡ ತಂದೆ ಮುಂದಿನ ವರ್ಷ ಮಗನನ್ನು ವ್ಯಾನ್ ಹತ್ತಿಸಿ ಪಟ್ಟಣದ ಇಂಗ್ಲಿಷ್ ಶಾಲೆಗೆ ಕಳಿಸುತ್ತಾನೆ. 14 ಇದ್ದದ್ದು 11 ಆಗುತ್ತದೆ. ಹನ್ನೊಂದೇ ಮಕ್ಕಳಿರುವ ಶಾಲೆಗೆ ಎರಡನೆಯ ಶಿಕ್ಷಕರನ್ನು ಯಾರು ಕೊಡುತ್ತಾರೆ? ಹೀಗೆ ಸಂಖ್ಯೆ ಕುಸಿದದ್ದಕ್ಕೆ ಶಿಕ್ಷಕರಿಲ್ಲ, ಶಿಕ್ಷಕರಿಲ್ಲದ್ದಕ್ಕೆ ಸಂಖ್ಯೆ ಕುಸಿಯಿತು.

ಇದರ ಜೊತೆಗೆ ಗುಳೆ ಇದೆ. ಹೈದರಾಬಾದ್, ಪುಣೆ, ಮುಂಬೈಗೆ ದುಡಿಯಲು ಹೋಗುವ ಕುಟುಂಬಗಳು ಮಕ್ಕಳನ್ನೂ ಕರೆದೊಯ್ಯುತ್ತವೆ. ಇಂಗ್ಲಿಷಿನ ಆಸೆ ಇದೆ; ಆ ಆಸೆಯನ್ನು ತಪ್ಪೆನ್ನಲು ನಮಗೆ ಅಧಿಕಾರವಿಲ್ಲ. 2012-13ರಿಂದ ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಗಳ ಶೇ. 25 ಸೀಟುಗಳಿಗೆ ಸರ್ಕಾರವೇ ಶುಲ್ಕ ಕೊಟ್ಟು ಬಡ ಮಕ್ಕಳನ್ನು ಸೇರಿಸಿತು. ಇದರಿಂದ ಸರ್ಕಾರಿ ಶಾಲೆಗಳೇ ಖಾಲಿಯಾಗುತ್ತಿವೆ ಎಂಬ ಕಾರಣಕ್ಕೆ 2019-20ರಿಂದ ನಿಯಮ ಬದಲಾಯಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟು ಇಲ್ಲವೆಂದಾಯಿತು.

ನಮ್ಮ ಮಟ್ಟಿಗೂ ಒಂದು ಮಾತು ಹೇಳಬೇಕು. ನಮ್ಮಲ್ಲಿ ಅನೇಕರ ಮಕ್ಕಳು ಮಿಷನ್ ಶಾಲೆಗಳಲ್ಲಿ ಓದುತ್ತಾರೆ. 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಅಲ್ಪಸಂಖ್ಯಾತರ ಶಾಲೆಗಳನ್ನು ಶಿಕ್ಷಣ ಹಕ್ಕು ಕಾಯ್ದೆಯ ಹೊರಗಿಟ್ಟಿತು. ಆದರೆ ನಮ್ಮ ಮನೆಯ ಕೆಲಸಕ್ಕೆ ಬರುವ ತಾಯಿಯ ಮಗು, ನಮ್ಮ ಹೊಲಕ್ಕೆ ಬರುವ ಕೂಲಿಯವನ ಮಗು ಹೋಗುವುದು ಊರಿನ ಸರ್ಕಾರಿ ಶಾಲೆಗೆ. ‘ನಮ್ಮ ಮಕ್ಕಳು ಅಲ್ಲಿಲ್ಲ, ನಮಗೇಕೆ?’ ಎಂದು ಕೈಚೆಲ್ಲುವ ಹಕ್ಕನ್ನು ಯಾವ ತೀರ್ಪೂ ನಮಗೆ ಕೊಟ್ಟಿಲ್ಲ.

3. ನಿರ್ಧಾರ ಯಾರ ಕೈಯಲ್ಲಿದೆ?

ವಿಲೀನದ ಆದೇಶ ಬರುವುದು ಶಿಕ್ಷಣ ಇಲಾಖೆಯಿಂದ. ತಾಲ್ಲೂಕಿನಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ, ಜಿಲ್ಲೆಯಲ್ಲಿ ಉಪನಿರ್ದೇಶಕರು. ಆದರೆ ಇಲಾಖೆಯ ಕಡತಕ್ಕೆ ಊರಿನ ದನಿ ಸೇರುವ ದಾರಿಗಳಿವೆ.

ಮೊದಲನೆಯದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ನಾವು ಎಸ್‌ಡಿಎಂಸಿ ಎನ್ನುತ್ತೇವೆ. ಕರ್ನಾಟಕ 2001ರಲ್ಲಿಯೇ ಇದನ್ನು ಆರಂಭಿಸಿತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಇಂಥ ಸಮಿತಿಗೆ ದೇಶಾದ್ಯಂತ ಕಾನೂನಿನ ಬಲ ಕೊಟ್ಟಿತು. ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪಾಲಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಶಾಲಾ ಅಭಿವೃದ್ಧಿ ಯೋಜನೆಯನ್ನು ತಯಾರಿಸುವುದು ಈ ಸಮಿತಿಯ ಕೆಲಸ. ಆದರೆ ಎಷ್ಟೋ ಕಡೆ ಈ ಸಮಿತಿ ರಿಜಿಸ್ಟರಿನ ಸಹಿಯಲ್ಲಿ ಮಾತ್ರ ಬದುಕಿರುತ್ತದೆ.

ಎರಡನೆಯದು ಗ್ರಾಮ ಪಂಚಾಯಿತಿ. ಗ್ರಾಮಸಭೆಯಲ್ಲಿ ಯಾವ ಮತದಾರನೂ ಎದ್ದು ಶಾಲೆಯ ವಿಷಯ ಎತ್ತಬಹುದು. ಮಕ್ಕಳೇ ತಮ್ಮ ಮಾತು ಹೇಳುವ ಮಕ್ಕಳ ಗ್ರಾಮಸಭೆಯೂ ನಮ್ಮ ರಾಜ್ಯದಲ್ಲಿದೆ. ಭಾಲ್ಕಿಯಂಥ ಪಟ್ಟಣದಲ್ಲಿ ಪುರಸಭೆಯ ಸದಸ್ಯರು, ಔರಾದಿನಲ್ಲಿ ಪಟ್ಟಣ ಪಂಚಾಯಿತಿಯ ಸದಸ್ಯರು ಇದೇ ಹೊಣೆ ಹೊತ್ತವರು.

ಮೂರನೆಯದು ಪ್ರಾಥಮಿಕ ಶಾಲೆಗಳ ಆಡಳಿತ ನೋಡುವ ಜಿಲ್ಲಾ ಪಂಚಾಯಿತಿ. ರಾಜ್ಯದಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಚುನಾಯಿತ ಸದಸ್ಯರ ಅವಧಿ 2021ರಲ್ಲಿ ಮುಗಿದು, ಸಕಾಲದಲ್ಲಿ ಚುನಾವಣೆ ನಡೆಯದೆ ಆಡಳಿತಾಧಿಕಾರಿಗಳು ಬಂದರು. ಜಿಲ್ಲೆಯ ಮಟ್ಟದಲ್ಲಿ ಕೇಳುವ ಜನಪ್ರತಿನಿಧಿ ಇಲ್ಲವಾದಾಗ ಊರಿನ ಎಸ್‌ಡಿಎಂಸಿ, ಊರಿನ ಪಂಚಾಯಿತಿಯ ಠರಾವಿಗೆ ಇನ್ನಷ್ಟು ಬೆಲೆ ಬರುತ್ತದೆ.

4. ವಿಲೀನ ಎಂದಿಗೂ ತಪ್ಪೇ?

ಹಾಗೆಂದು ನಾನು ಹೇಳುವುದಿಲ್ಲ. ಶಾಲೆ ಇರುವುದು ಮಗುವಿಗಾಗಿ. ಊರಿನ ಮಾನಕ್ಕಾಗಿ ಅಲ್ಲ. ಐದು ತರಗತಿಗೆ ನಾಲ್ಕೇ ಮಕ್ಕಳಿದ್ದು, ಜೊತೆಗೆ ಆಡಲು ಗೆಳೆಯರೇ ಇಲ್ಲದಿದ್ದರೆ, ನಡೆದುಹೋಗುವ ದೂರದಲ್ಲಿ ಒಳ್ಳೆಯ ಶಾಲೆ ಇದ್ದರೆ, ಆ ಮಗುವನ್ನು ಅಲ್ಲಿಗೆ ಕಳಿಸುವುದೇ ಪ್ರೀತಿಯ ದಾರಿ. ಆದರೆ ಶಾಲೆ ಚಿಕ್ಕದೆಂಬ ಒಂದೇ ಕಾರಣಕ್ಕೆ ಅದು ಕೆಟ್ಟ ಶಾಲೆಯಾಗುವುದಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಆರಂಭವಾಗಿ, 2009-10ರಲ್ಲಿ ರಾಜ್ಯಕ್ಕೆಲ್ಲ ಹರಡಿದ ನಲಿ-ಕಲಿ ಪದ್ಧತಿ, ಬೇರೆ ಬೇರೆ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸುವ ಬಗೆಯನ್ನೇ ರೂಢಿಗೆ ತಂದಿತು.

ಆದ್ದರಿಂದ ವಿಲೀನದ ಮಾತು ಬಂದಾಗ ಈ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು.

ದೂರ ಎಷ್ಟು? 1ರಿಂದ 5ನೇ ತರಗತಿಯ ಮಗುವಿಗೆ ಒಂದು ಕಿಲೋಮೀಟರ್, 6ರಿಂದ 8ನೇ ತರಗತಿಯ ಮಗುವಿಗೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕೆಂಬುದು ನಿಯಮ. ಆದರೆ ದೂರವನ್ನು ನಕ್ಷೆಯ ಮೇಲೆ ಅಳೆದರೆ ಸಾಲದು. ನಡುವೆ ಹಳ್ಳವಿದೆಯೇ? ಹೆದ್ದಾರಿ ದಾಟಬೇಕೇ? ಮಳೆಗಾಲದಲ್ಲಿ ಏಳು ವರ್ಷದ ಹುಡುಗಿ ಒಬ್ಬಳೇ ನಡೆಯಬಲ್ಲಳೇ? ದೂರ ಹೆಚ್ಚಿದರೆ ಮೊದಲು ಮನೆಯಲ್ಲಿ ಉಳಿಯುವವಳು ಹೆಣ್ಣುಮಗಳೇ.

ಭಾಷೆ ಯಾವುದು? ನಮ್ಮ ಗಡಿ ಜಿಲ್ಲೆಯಲ್ಲಿ ಕನ್ನಡ, ಮರಾಠಿ, ಉರ್ದು ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅವಕಾಶ ಮಾಡಬೇಕೆಂದು ಸಂವಿಧಾನದ 350(ಎ) ವಿಧಿ ಹೇಳುತ್ತದೆ. ಮರಾಠಿ ಶಾಲೆಯ ಮಕ್ಕಳನ್ನು ಕನ್ನಡ ಶಾಲೆಗೆ, ಕನ್ನಡ ಶಾಲೆಯ ಮಕ್ಕಳನ್ನು ಉರ್ದು ಶಾಲೆಗೆ ಸೇರಿಸಿ ‘ಒಂದೇ ಕಿಲೋಮೀಟರ್’ ಎಂದರೆ ಅದು ಲೆಕ್ಕವಾಯಿತೇ ಹೊರತು ಶಿಕ್ಷಣವಾಗಲಿಲ್ಲ.

ಊಟ ಎಲ್ಲಿ? ಅಕ್ಷರ ದಾಸೋಹ 2002ರಲ್ಲಿ ಮೊದಲು ಆರಂಭವಾದದ್ದು ಬೀದರ್ ಸೇರಿದ ಉತ್ತರದ ಏಳು ಜಿಲ್ಲೆಗಳಲ್ಲಿ. 2021ರ ಡಿಸೆಂಬರಿನಲ್ಲಿ ಶಾಲೆಯಲ್ಲಿ ಮೊಟ್ಟೆ ಕೊಡುವುದು ಆರಂಭವಾದಾಗಲೂ ಮೊದಲ ಸಾಲಿನಲ್ಲಿ ನಮ್ಮ ಜಿಲ್ಲೆ ಇತ್ತು. ಏಕೆಂದರೆ ಇಲ್ಲಿ ಅದರ ಅಗತ್ಯ ಹೆಚ್ಚು. ಶಾಲೆ ದೂರವಾಗಿ ಮಗು ಹೋಗುವುದು ಬಿಟ್ಟರೆ ಪಾಠದ ಜೊತೆ ಅದರ ಮಧ್ಯಾಹ್ನದ ಊಟವೂ ಹೋಗುತ್ತದೆ.

ಸೇರುವ ಶಾಲೆ ಸಿದ್ಧವಿದೆಯೇ? ಹೊಸ ಮಕ್ಕಳಿಗೆ ಕೋಣೆ, ಶೌಚಾಲಯ, ಶಿಕ್ಷಕರು ಇದ್ದಾರೆಯೇ? ಎರಡು ಸೊರಗಿದ ಶಾಲೆಗಳನ್ನು ಕೂಡಿಸಿದ ಮಾತ್ರಕ್ಕೆ ಒಂದು ಒಳ್ಳೆಯ ಶಾಲೆ ಆಗುವುದಿಲ್ಲ.

5. ಇನ್ನೊಂದು ವರ್ಷ, ಆದರೆ ಗುದ್ದಲಿಯ ಜೊತೆ

ಲೂಕನ ಶುಭಸಂದೇಶದ ಅಂಜೂರದ ಮರದ ಸಾಮತಿ ನಿಮಗೆ ಗೊತ್ತು. ಮೂರು ವರ್ಷ ಫಲ ಕೊಡದ ಮರವನ್ನು ಕಡಿಯಲು ಯಜಮಾನ ಹೇಳುತ್ತಾನೆ. ತೋಟಗಾರ ಒಂದು ವರ್ಷ ಕೇಳುತ್ತಾನೆ. ಅವನು ಬರೀ ಸಮಯ ಕೇಳಲಿಲ್ಲ; ಬುಡ ಅಗೆದು ಗೊಬ್ಬರ ಹಾಕುವ ಕೆಲಸವನ್ನು ತಾನೇ ಒಪ್ಪಿಕೊಂಡ. ಆಮೇಲೂ ಫಲ ಬಾರದಿದ್ದರೆ ಕಡಿಯಬಹುದು ಎಂಬ ಗಡುವನ್ನೂ ಒಪ್ಪಿದ.

ಸೊರಗಿದ ಶಾಲೆಯ ಮುಂದೆ ನಿಂತ ಪಂಚಾಯಿತಿಗೂ ಇದೇ ದಾರಿ. ‘ಮುಚ್ಚಬೇಡಿ’ ಎಂದು ಮನವಿ ಕೊಟ್ಟು ಮನೆಗೆ ಹೋಗುವುದು ಸುಲಭ. ‘ಮುಚ್ಚಿ’ ಎಂದು ಸಹಿ ಹಾಕುವುದೂ ಸುಲಭ. ಎರಡರಲ್ಲೂ ಗುದ್ದಲಿ ಹಿಡಿಯುವ ಕೆಲಸವಿಲ್ಲ. ಠರಾವಿನಲ್ಲಿ ಹೀಗೆ ಬರೆಯೋಣ: ಖಾಲಿ ಇರುವ ಶಿಕ್ಷಕರ ಜಾಗಕ್ಕೆ ಇಂಥ ತಿಂಗಳೊಳಗೆ ಶಿಕ್ಷಕರು ಬೇಕು, ಇಂಥ ದಿನದೊಳಗೆ ಪಂಚಾಯಿತಿ ನೀರು, ಶೌಚಾಲಯ ಸರಿಪಡಿಸುತ್ತದೆ, ಊರಿನ ಪ್ರತಿ ಮನೆಗೆ ಹೋಗಿ ಶಾಲೆಯ ವಯಸ್ಸಿನ ಮಕ್ಕಳ ಪಟ್ಟಿ ಮಾಡುತ್ತೇವೆ, ಗುಳೆ ಹೋಗುವ ಕುಟುಂಬದ ಮಕ್ಕಳು ಊರಲ್ಲೇ ಉಳಿದು ಓದಲು ವ್ಯವಸ್ಥೆ ಕೇಳುತ್ತೇವೆ, ವರ್ಷದ ಕೊನೆಗೆ ಪಾಲಕರನ್ನೆಲ್ಲ ಕೂರಿಸಿ ಮತ್ತೆ ನಿರ್ಧರಿಸುತ್ತೇವೆ.

ಹಣವಿಲ್ಲ ಎಂಬ ಉತ್ತರ ನಮ್ಮ ಭಾಗದಲ್ಲಿ ಪೂರ್ತಿ ಒಪ್ಪತಕ್ಕದ್ದಲ್ಲ. 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂದದ್ದು ಈ ಪ್ರದೇಶದ ಹಿಂದುಳಿದಿರುವಿಕೆಯನ್ನು ನೀಗಲೆಂದೇ. ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿಗೆ 2023-24ರ ಬಜೆಟ್‌ನಲ್ಲಿ 5,000 ಕೋಟಿ ರೂಪಾಯಿ ಘೋಷಿಸಲಾಯಿತು. ಆ ಹಣದಲ್ಲಿ ನಮ್ಮ ಶಾಲೆಯ ಕೋಣೆಗೆ ಪಾಲು ಕೇಳಲು ಅರ್ಜಿ ಹೋಗಿದೆಯೇ ಎಂದು ವಿಚಾರಿಸೋಣ.

ಊರು ನಿಂತರೆ ಶಾಲೆ ಉಳಿಯುತ್ತದೆ ಎಂಬುದಕ್ಕೆ ನೆರೆಯ ಕೇರಳದಲ್ಲಿ ಒಂದು ಉದಾಹರಣೆ ಇದೆ. ಕೋಳಿಕ್ಕೋಡಿನ ಮಲಾಪರಂಬ ಎಂಬಲ್ಲಿನ ಅನುದಾನಿತ ಶಾಲೆ ಲಾಭದಾಯಕವಲ್ಲವೆಂದು ಮುಚ್ಚುವ ಹಂತಕ್ಕೆ ಬಂತು. 2014ರಲ್ಲಿ ಕಟ್ಟಡವನ್ನು ಕೆಡವಲಾಯಿತು. ಊರವರು ಮತ್ತೆ ಕಟ್ಟಿದರು. 2016ರಲ್ಲಿ ನ್ಯಾಯಾಲಯದ ಆದೇಶದಿಂದ ಬೀಗ ಬಿದ್ದಾಗ ಮಕ್ಕಳಿಗೆ ಜಿಲ್ಲಾಧಿಕಾರಿ ಕಚೇರಿಯ ಆವರಣದಲ್ಲಿ ಪಾಠ ನಡೆಯಿತು. ಕೊನೆಗೆ ಕೇರಳ ಸರ್ಕಾರವೇ ಆ ಶಾಲೆಯನ್ನು ವಹಿಸಿಕೊಂಡಿತು.

ಅಷ್ಟು ದೂರ ಏಕೆ ಹೋಗಬೇಕು? ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಶಾಲೆಗೆ ಅವಕಾಶವೇ ಇಲ್ಲದ ಕಾಲದಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡ್ ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. 1999ರಲ್ಲಿ ಅವರು ತೀರಿಕೊಂಡರು. ಅವರು ಕಲಿಸಿದ ಅಕ್ಷರ ಈ ನೆಲದಲ್ಲಿ ಉಳಿದಿದೆ. ಅವರ ಬಳಿ ಸರ್ಕಾರದ ಆದೇಶವಿರಲಿಲ್ಲ, ಅನುದಾನವಿರಲಿಲ್ಲ. ನಮ್ಮ ಬಳಿ ಕಾಯ್ದೆ ಇದೆ, ಸಮಿತಿ ಇದೆ, ಗ್ರಾಮಸಭೆ ಇದೆ.

ಪ್ರಿಯರೇ, ಮುಂದಿನ ಎಸ್‌ಡಿಎಂಸಿ ಸಭೆ ಯಾವಾಗ ಎಂದು ಈ ವಾರವೇ ಮುಖ್ಯ ಶಿಕ್ಷಕರನ್ನು ಕೇಳಿ. ನಿಮ್ಮ ಮಗು ಆ ಶಾಲೆಯಲ್ಲಿದ್ದರೆ ಸಮಿತಿಗೆ ಬನ್ನಿ. ಇಲ್ಲದಿದ್ದರೆ ಗ್ರಾಮಸಭೆಗೆ ಬನ್ನಿ, ಸಭೆಗೆ ಬರಲು ಹಿಂಜರಿಯುವ ತಾಯಂದಿರನ್ನು ಜೊತೆಗೆ ಕರೆತನ್ನಿ. ಬುಡ ಅಗೆದು, ಗೊಬ್ಬರ ಹಾಕಿ, ವರ್ಷ ಕಾದ ಮೇಲೂ ಮಕ್ಕಳ ಹಿತಕ್ಕೆ ವಿಲೀನವೇ ಸರಿ ಎನಿಸಿದರೆ, ಆ ಮಕ್ಕಳ ಕೈಹಿಡಿದು ಹೊಸ ಶಾಲೆಯ ಬಾಗಿಲವರೆಗೆ ನಾವೇ ಹೋಗೋಣ. ಅದಕ್ಕೆ ಮೊದಲು ಬೀಗದ ಮೇಲೆ ನಮ್ಮ ಸಹಿ ಬೀಳದಿರಲಿ.