ನಿಮಗಿದು ಗೊತ್ತೇ? ದಿವಾದಿಂದ ಎಡನೀರಿಗೆ

ದಿವಾ ಸ್ಟೇಷನ್ನಿನಲ್ಲಿ ಲೋಕಲ್ಲಿಗೆ ಕಾಯುವಾಗ, ಕುರ್ಲಾ ಕಡೆಯಿಂದ ಬಂದ ನೇತ್ರಾವತಿ ಎಕ್ಸ್‌ಪ್ರೆಸ್ ಪನ್ವೇಲ್ ಹಳಿಗೆ ಹೊರಳುವುದನ್ನು ನೋಡಿರುತ್ತೀರಿ. ಅದರಲ್ಲಿ ಕೂತು ಕಾಸರಗೋಡಿನಲ್ಲಿ ಇಳಿದರೆ ಎಡನೀರು ಮಠ ಅಲ್ಲಿಂದ ಹೆಚ್ಚು ದೂರವಿಲ್ಲ. ನಮ್ಮ ನ್ಯಾಯಾಧೀಶರ ಕೈಗೆ ಬಹುದೊಡ್ಡ ಅಧಿಕಾರವೊಂದು ಸಿಕ್ಕಿದ್ದು ಈ ಕನ್ನಡ ಮಠದ ಜಮೀನಿನ ವ್ಯಾಜ್ಯದಿಂದ, ಗೊತ್ತೇ?

ಕೇರಳದ ಭೂಸುಧಾರಣೆ ಕಾನೂನಿನ ವಿರುದ್ಧ ಈ ಮಠದ ಕೇಶವಾನಂದ ಭಾರತಿ ಸ್ವಾಮೀಜಿ 1970ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ಅವರ ಪರ ವಾದಿಸಿದವರು ಮುಂಬಯಿಯ ನಾನಿ ಪಾಲ್ಖಿವಾಲಾ. 13 ನ್ಯಾಯಮೂರ್ತಿಗಳು 68 ದಿನ ವಾದ ಕೇಳಿದರು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ, ಕೆಡಿಸಿದರೆ ಆ ತಿದ್ದುಪಡಿಯನ್ನು ಕೋರ್ಟು ರದ್ದು ಮಾಡಬಹುದು ಎಂದು 1973ರ ಏಪ್ರಿಲ್ 24ರಂದು ತೀರ್ಪು ಬಂತು. 7 ಮಂದಿ ಇದರ ಪರ, 6 ಮಂದಿ ವಿರುದ್ಧ. ಒಬ್ಬರು ಮನಸ್ಸು ಬದಲಿಸಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಆ ಏಳು ಮಂದಿಯಲ್ಲಿ ಒಬ್ಬರು ಕಾರ್ಕಳದ ಕೌಡೂರಿನವರು, ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ. ತೀರ್ಪು ಬಂದ ಬೆನ್ನಿಗೇ ಕೇಂದ್ರ ಸರ್ಕಾರ ಶೇಲಟ್, ಹೆಗ್ಡೆ, ಗ್ರೋವರ್ ಈ ಮೂವರು ಹಿರಿಯರನ್ನು ಬದಿಗಿಟ್ಟು, ಸರದಿಯಲ್ಲಿ ಅವರ ನಂತರವಿದ್ದ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರೂ ಸರ್ಕಾರದ ವಿರುದ್ಧ ತೀರ್ಪು ಕೊಟ್ಟವರು, ರೇ ಕೊಟ್ಟವರಲ್ಲ. ಶೇಲಟ್ ನಿವೃತ್ತರಾದ ಮೇಲೆ ಆ ಕುರ್ಚಿ ಹೆಗ್ಡೆಯವರಿಗೇ ಬರಬೇಕಿತ್ತು. ಮೂವರೂ ರಾಜೀನಾಮೆ ಕೊಟ್ಟು ಎದ್ದು ನಡೆದರು. ನಾಲ್ಕು ವರ್ಷ ಕಳೆದು, 1977ರಲ್ಲಿ, ಬೆಂಗಳೂರು ದಕ್ಷಿಣದಿಂದ ಗೆದ್ದ ಹೆಗ್ಡೆಯವರು ಲೋಕಸಭೆಯ ಸ್ಪೀಕರ್ ಆದರು!

ಸರ್ಕಾರದ ಕೈ ಹೈಕೋರ್ಟಿನವರ ಮೇಲೂ ಬಿತ್ತು. ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನಲ್ಲಿ ಬಂಧಿಯಾಗಿದ್ದ ಅಡ್ವಾಣಿ, ವಾಜಪೇಯಿ ಮುಂತಾದವರು ಬಂಧನದ ವಿರುದ್ಧ ಹಾಕಿದ ಅರ್ಜಿ ಕೇಳಿದವರು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಗಳಾದ ಡಿ.ಎಂ. ಚಂದ್ರಶೇಖರ್ ಮತ್ತು ಸದಾನಂದಸ್ವಾಮಿ. 1976ರಲ್ಲಿ ಒಬ್ಬರನ್ನು ಅಲಹಾಬಾದಿಗೆ, ಇನ್ನೊಬ್ಬರನ್ನು ಗುವಾಹಟಿಗೆ ವರ್ಗ ಮಾಡಲಾಯಿತು. ವರ್ಗಾವಣೆಯ ಒಂದು ಕಾಗದ ಎಷ್ಟು ದೂರ ಒಯ್ಯುತ್ತದೆ ನೋಡಿ.

ಆದರೆ ಸಂವಿಧಾನ ನ್ಯಾಯಾಧೀಶರಿಗೆ ರಕ್ಷಣೆಯನ್ನೂ ಕೊಟ್ಟಿದೆ. ಹೈಕೋರ್ಟ್ ನ್ಯಾಯಮೂರ್ತಿಗಳ ಸಂಬಳಕ್ಕೆ ವಿಧಾನಸಭೆ ಮತ ಹಾಕುವಂತಿಲ್ಲ. ಅವರು ಕೆಲಸದಲ್ಲಿ ನಡೆದುಕೊಂಡ ರೀತಿಯ ಚರ್ಚೆಯೂ ಅಲ್ಲಿ ಸಲ್ಲದು.



ಇನ್ನು ದಿವಾದ ನಿಮ್ಮ ಬಾಡಿಗೆ ಮನೆಯ ತಕರಾರು ಠಾಣೆ ಕೋರ್ಟಿಗೆ ಹೋಯಿತೆನ್ನಿ. ಎದುರಿನವರಿಗೆ ಮಂತ್ರಿಗಳ ಪರಿಚಯವಿದೆಯೆಂದು ಹೆದರಬೇಡಿ. ಸಂವಿಧಾನದ 235ನೇ ವಿಧಿಯ ಪ್ರಕಾರ ಆ ನ್ಯಾಯಾಧೀಶರ ಮೇಲಿನ ಹಿಡಿತ ಇರುವುದು ಮಂತ್ರಾಲಯಕ್ಕಲ್ಲ, ಬಾಂಬೆ ಹೈಕೋರ್ಟಿಗೆ.