ಸಿಡಿಲು ಮಲ್ಲಿಕಾರ್ಜುನನ ಬೆಟ್ಟ: ಮೋಡ ನೋಡಿ ಹತ್ತಿ

ಹುಣಸೂರು ಕಡೆಯಿಂದ ಬರುವವರಿಗೆ ತಂಬಾಕಿನ ಹೊಲಗಳಾಚೆ ದೂರದಿಂದಲೇ ಕಾಣುವ ಒಂಟಿ ಬೆಟ್ಟ ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದ್ದು. ಸಮುದ್ರಮಟ್ಟದಿಂದ ಎತ್ತರ ಸುಮಾರು 1,300 ಮೀಟರ್, ಮೆಟ್ಟಿಲುಗಳು 3 ಸಾವಿರಕ್ಕೂ ಹೆಚ್ಚು. ತುದಿಯಲ್ಲಿ ಸಿಡಿಲು ಮಲ್ಲಿಕಾರ್ಜುನಸ್ವಾಮಿಯ ಗುಡಿ. ಇಲ್ಲಿಗೆ ಸಿಡಿಲು ಬಂದು ದೇವರನ್ನು ಮುಟ್ಟಿ ಹೋಗುತ್ತದೆಂಬುದು ಸುತ್ತಲಿನವರ ನಂಬಿಕೆ. ಬಯಲಿನಲ್ಲಿ ಒಂಟಿಯಾಗಿ ಎದ್ದು ನಿಂತ ಎತ್ತರದ ಜಾಗಕ್ಕೆ ಸಿಡಿಲು ಹೆಚ್ಚು ಎರಗುವುದೂ ನಿಜವೇ.

ಬೆಟ್ಟ ಹತ್ತುವ ಮೊದಲು ಕಲ್ಲಿನ ಗುಣವೂ ಗೊತ್ತಿರಬೇಕು. ಕಲ್ಲು ಹತ್ತುವವರು ಸಾಮಾನ್ಯವಾಗಿ ಬಾದಾಮಿಯ ಮಾತಾಡುತ್ತಾರೆ. ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿಯ ತರಬೇತಿ ಕೇಂದ್ರವೂ ಅಲ್ಲಿದೆ. ಅಲ್ಲಿನದು ಮರಳುಗಲ್ಲು. ಮಳೆ ನಿಂತು ಮೈ ಒಣಗಿದಂತೆ ಕಂಡರೂ ಒಳಗೆ ನೀರು ಉಳಿದಿರುತ್ತದೆ. ಕಣಗಳನ್ನು ಹಿಡಿದಿಟ್ಟ ಬೆಸುಗೆ ಸಡಿಲಾಗಿ, ಕೈಗೆ ಸಿಕ್ಕ ಹಿಡಿಕೆಯೇ ಕಿತ್ತುಬರಬಹುದು. ಅನುಭವಿಗಳು ಬಂಡೆಯ ಬುಡದ ಮಣ್ಣನ್ನು ಕೆದಕಿ ನೋಡುತ್ತಾರೆ; ತೇವವಿದ್ದರೆ ಒಂದೆರಡು ದಿನ ಕಾಯುತ್ತಾರೆ.

ನಮ್ಮ ಸೀಮೆಯ ಕಲ್ಲಿಗೆ ಆ ಚಿಂತೆಯಿಲ್ಲ. ಎಚ್.ಡಿ. ಕೋಟೆ ಪಕ್ಕದ ಸರಗೂರಿನ ಶಿಲೆಗಳಿಗೆ 300 ಕೋಟಿ ವರ್ಷ ಮಿಕ್ಕಿದ ವಯಸ್ಸು. ಅಲ್ಲಿ ಒಂದು ಕಾಲದ ಮರಳುಗಲ್ಲು ಭೂಮಿಯೊಳಗಿನ ಕಾವಿಗೂ ಒತ್ತಡಕ್ಕೂ ಸಿಕ್ಕಿ ಗಟ್ಟಿ ಕ್ವಾರ್ಟ್ಜೈಟ್ ಆಗಿದೆ. ಈ ಭಾಗದ ಬೆಟ್ಟಗಳ ಗಟ್ಟಿ ಬಂಡೆ ನೀರು ಕುಡಿಯುವುದು ಅತ್ಯಲ್ಪ, ಬಿಸಿಲು ಬಂದರೆ ಬೇಗ ಆರುತ್ತದೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ಕಡೆಯಿಂದ ಬೀಸುವ ಜಡಿಮಳೆಯಲ್ಲಿ ಹಾಸುಬಂಡೆಯ ಮೇಲೆ ಪಾಚಿ ಕಟ್ಟುತ್ತದೆ. ಇಳಿಯುವಾಗ ಜಾರುವ ಭಯವೇ ಹೆಚ್ಚು. ಬಿಸಿಲಿಗೆ ಕಾದು ಪದರ ಬಿಟ್ಟ ಬಂಡೆಯನ್ನು ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಅಲ್ಲಿ ಭಾರ ಹಾಕಬಾರದು.

ಕಲ್ಲಿಗಿಂತ ಇಲ್ಲಿ ಆಕಾಶವನ್ನೇ ಹೆಚ್ಚು ಗಮನಿಸಬೇಕು. ಅಶ್ವಿನಿ, ಭರಣಿ ಮಳೆಗಳ ಏಪ್ರಿಲ್, ಮೇ ದಿನಗಳಲ್ಲಿ ಬೆಳಿಗ್ಗೆ ಆಕಾಶ ತಿಳಿಯಾಗಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ಮೋಡ ಗೋಪುರದಂತೆ ಬೆಳೆದು ಬುಡ ಕಪ್ಪಾಗುತ್ತದೆ. ಮಿಂಚು ಕಂಡ ಮೇಲೆ ಗುಡುಗು ಕೇಳುವತನಕ ಎಣಿಸಿ: 3 ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. ಎಣಿಕೆ 30 ದಾಟುವ ಮೊದಲೇ ಗುಡುಗು ಕೇಳಿದರೆ ಸಿಡಿಲು 10 ಕಿಲೋಮೀಟರ್ ಒಳಗಿದೆ ಎಂದರ್ಥ. ಆಗ ತುದಿಯ ಆಸೆ ಬಿಟ್ಟು ಇಳಿಯಲೇಬೇಕು. ಒಂಟಿ ಮರದಡಿ, ಬಂಡೆಯ ಚಾಚಿನಡಿ ನಿಲ್ಲಬಾರದು. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯದೆ ಮತ್ತೆ ಮೇಲೇರುವುದು ಬೇಡ.

ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ 'ದಾಮಿನಿ' ಆ್ಯಪ್ ಸುತ್ತಲಿನ ಸಿಡಿಲಿನ ಮುನ್ಸೂಚನೆ ಕೊಡುತ್ತದೆ. ಮಕ್ಕಳು, ಹಿರಿಯರ ಜೊತೆ ಬರುವವರಿಗೆ ನವೆಂಬರ್ ಕೊನೆಯಿಂದ ಫೆಬ್ರುವರಿವರೆಗಿನ ಬೆಳಗಿನ ಹೊತ್ತು ಒಳ್ಳೆಯದು. ಮಂಜು ಕವಿದಿದ್ದರೆ ಮೆಟ್ಟಿಲು ಆರುವವರೆಗೆ ಕೆಳಗಿನ ಊರಿನಲ್ಲೇ ಕಾಯಬಹುದು.